ಸುಣ್ಣ ಬಲಕ್ಕೆ, ಮಸಿ ಎಡಕ್ಕೆ, ಬೂದಿ ಇದ್ದಲ್ಲೇ

ಈ ಸಲ ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿಲ್ಲ ಕಣೆ ರೋಹಿಣಿ. ನನ್ನ ಮೀಸೆ ಆಣೆ. ಹೋದ ಸಲ ಆ ಆನೆ ಮೊಟ್ಟೆ ಇಟ್ಟಿದ್ದು ಒಂಚೂರು ಹೆಚ್ಚಾಯ್ತು, ಒಪ್ಕೋತೀನಿ. ಇದು ಹಂಗಲ್ಲ. ನೀನು ಆ ಕಂಪ್ಯೂಟರ್ ಮುಂದೆ ಕೂತು ಮದುವೆ ಹೆಣ್ಣಿನ ಫೋಟೋ ಮೇಲೆ ನೀರು ಹರಿದಂಗೆ, ಗಾಜು ಇಟ್ಟಂಗೆ ಬೆಳಕು ಬಗ್ಗಿಸ್ತಾ ಇದೀಯಲ್ಲ, ಆ ವಿದ್ಯೆ ನಿಮ್ಮ ಸ್ಟುಡಿಯೋದೋರು ಕಂಡುಹಿಡಿದದ್ದು ಅಂದ್ಕೊಂಡಿದೀಯಾ? ಅದರ ಹುಟ್ಟು ನಂಗೊತ್ತು. ಕೈ ನಿಲ್ಲಿಸ್ಬೇಡ, ಕೆಲಸ ಮಾಡ್ತಾನೇ ಕೇಳು.

ಬಹಳ ಹಿಂದೆ, ನದಿಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ, ಹೊನ್ಗನ್ನಡಿ ಅಂತ ಒಂದು ರಾಜ್ಯ ಇತ್ತು. ಕುಂಭೇಂದ್ರ ಅಂತ ರಾಜ. ಒಳ್ಳೆಯವನೇ, ಆದರೆ ಕಣ್ಣಲ್ಲಿ ಕಂಡಿದ್ದನ್ನ ಮಾತ್ರ ನಂಬ್ತಿದ್ದ. ಆ ರಾಜ್ಯಕ್ಕೆ ವಕ್ರಭಾನು ಅನ್ನೋ ಮಾಂತ್ರಿಕ ಬಂದ. ಹಣೆ ತುಂಬ ಮೂರು ಪಟ್ಟೆ ವಿಭೂತಿ, ಎದೆವರೆಗೆ ಗಡ್ಡ, ಮೈಮೇಲೆ ಕರೀ ಶಾಲು. ಶಾಲಿನ ಒಳಗೆ ಒಂದು ಹಲಗೆ. ಹಲಗೆ ಮೇಲೆ ಇಡೀ ರಾಜ್ಯದ ಚಿತ್ರ ಇತ್ತು, ಒಂದು ಇರುವೆ ಬಿಡದಂಗೆ. ಚಿತ್ರದ ಮೇಲೊಂದು ತೆಳ್ಳನೆ ಗಾಜು. ನೀನು ಲೇಯರ್ ಅಂತೀಯಲ್ಲ, ಅದೇ. ಆ ಗಾಜಿನ ಮೇಲೆ ಅವನು ಸುಣ್ಣ ಬಳಿದ ಕಡೆ ಬೆಳಕು ಬಲಕ್ಕೆ ಜರುಗ್ತಿತ್ತು. ಮಸಿ ಬಳಿದ ಕಡೆ ಎಡಕ್ಕೆ ಜರುಗ್ತಿತ್ತು. ಚಿತ್ರದಲ್ಲಿ ಹೆಂಗೋ, ರಾಜ್ಯದಲ್ಲೂ ಹಂಗೇ. ವಸ್ತು ಇದ್ದಲ್ಲೇ ಇರೋದು, ಕಾಣೋದು ಮಾತ್ರ ಬೇರೆ ಕಡೆ.

ಮೊದಲ ದಿನ ಊಟದ ಪಂಕ್ತೀಲಿ ಗಲಾಟೆ ಆಯ್ತು. ಪುರೋಹಿತರ ಕೈ ದಳವಾಯಿ ಎಲೆಗೆ ಹೋಯ್ತು, ದಳವಾಯಿ ಕೈ ಮಂತ್ರಿ ಎಲೆಗೆ ಹೋಯ್ತು. ನನ್ನ ಹಪ್ಪಳ ಕದ್ದ ಅಂತ ಅವನು, ನನ್ನ ಒಬ್ಬಟ್ಟು ಕದ್ದ ಅಂತ ಇವನು. ಎರಡನೇ ದಿನ ಬೀದಿಗೆ ಬಂತು. ಬಾಗಿಲು ಅಂತ ಹೋದೋರು ಗೋಡೆಗೆ ಹಣೆ ಚಚ್ಚಿಕೊಂಡ್ರು, ಪಕ್ಕದ ಮನೆಯೋನು ರಾತ್ರೋರಾತ್ರಿ ಗೋಡೆ ಸರಿಸಿದಾನೆ ಅಂದ್ರು. ಮೂರನೇ ದಿನಕ್ಕೆ ಯಾರೂ ಯಾರಿಗೂ ನಮಸ್ಕಾರ ಹಾಕ್ತಿರಲಿಲ್ಲ. ಗಂಡ ಹೆಂಡತಿ ಒಬ್ಬರ ಸೊಂಟಕ್ಕೊಬ್ಬರು ಹಗ್ಗ ಕಟ್ಕೊಂಡು ಓಡಾಡ್ತಿದ್ರು, ಅದೂ ಎರಡೆರಡು ಗಂಟು. ಗಂಟು ಹಾಕಿದ್ದು ಯಾರು ಅಂತ ಅದಕ್ಕೂ ಅನುಮಾನ.

ಆಗ ವಕ್ರಭಾನು ರಾಜನ ಹತ್ರ ಬಂದು, ಜನರ ಕಣ್ಣಿಗೆ ಪೊರೆ ಬಂದಿದೆ, ನನ್ನೊಬ್ಬನ ಕಣ್ಣು ಮಾತ್ರ ನೆಟ್ಟಗಿದೆ, ಇನ್ಮೇಲೆ ನಾನು ಕಂಡಿದ್ದನ್ನೇ ನೀವು ಕಂಡಿದ್ದು ಅಂತ ತಿಳೀಬೇಕು ಅಂದ. ರಾಜ ಹೂಂ ಅಂದ. ಅವತ್ತಿಂದ ಅವನಿಗೆ ಅರಮನೆ ಕಣ್ಣು ಅಂತ ಬಿರುದು. ರಾಜಮುದ್ರೆ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಅವನ ಕೈಗೆ ಬಂತು.

ಅರಮನೇಲಿ ದೀಪ ಹಚ್ಚೋನು ಕೆಂಪಯ್ಯ. ಅವನಿಗೆ ಬೆಳಕಿನ ನಡೆ ಗೊತ್ತು. ದೀಪ ಇಲ್ಲಿ, ಬೆಳಕು ಅಲ್ಲಿ, ಇದೇನೋ ಸರಿಯಿಲ್ಲ ಅಂತ ಒಂದಿನ ಬಾಯಿಬಿಟ್ಟ. ಅಷ್ಟೇ. ಮಾರನೇ ಬೆಳಿಗ್ಗೆ ರಾಣಿ ಕನ್ನಡಿ ನೋಡ್ಕೋತಾಳೆ, ಮೂಗುತಿ ಇಲ್ಲ. ವಕ್ರಭಾನು ಬೆರಳು ತೋರಿಸ್ದ. ಎಲ್ಲರೂ ತಿರುಗಿ ನೋಡ್ತಾರೆ, ಕೆಂಪಯ್ಯನ ಪೇಟದಲ್ಲಿ ಮೂಗುತಿ ಪಳಪಳ ಹೊಳೀತಿದೆ. ರಾಣಿಗೆ ಆಗ ಭಾರೀ ನೆಗಡಿ, ಮೂಗು ಬದನೆಕಾಯಿ ಥರ ಊದಿತ್ತು, ಮುಟ್ಟಲೇ ಬೇಡಿ ಅಂತ ವೈದ್ಯರು ಹೇಳಿದ್ರು. ಈ ಮಾತು ನೆನಪಿಟ್ಕೋ. ಕೆಂಪಯ್ಯನ್ನ ಮೂರು ದಿನ ಬಿಟ್ಟು, ಅರಮನೆ ಬೋನಲ್ಲಿ ಸಾಕಿದ್ದ ಗಾಜುಹುಲಿ ಬಾಯಿಗೆ ಹಾಕಿ ಅಂತ ಅಪ್ಪಣೆ ಆಯ್ತು.

ಕೆಂಪಯ್ಯಂಗೆ ಒಬ್ಬಳು ಅಕ್ಕ, ದ್ಯಾವಮ್ಮ. ಅರಮನೆ ಅಡುಗೆಮನೆ ಹಿಂದೆ ಪಾತ್ರೆ ಬೆಳಗೋಳು. ತಾಯಿ ಸತ್ತಮೇಲೆ ತಮ್ಮನ್ನ ಸೊಂಟದಲ್ಲಿ ಎತ್ಕೊಂಡೇ ಪಾತ್ರೆ ತಿಕ್ಕಿ ಸಾಕಿದೋಳು. ಅವಳು ಅಳ್ತಾ ಕೊಳಗ ತಿಕ್ಕುವಾಗ ಒಂದು ವಿಚಿತ್ರ ಕಂಡ್ಳು. ಕೊಳಗ ಬಲಕ್ಕೆ ಜರುಗಿ ಕಾಣ್ತಿದೆ, ಬಾವಿಕಟ್ಟೆ ಎಡಕ್ಕೆ ಜರುಗಿ ಕಾಣ್ತಿದೆ, ಒಲೆ ಬೂದಿ ಮೆತ್ತಿದ ತನ್ನ ಎರಡು ಕೈ ಮಾತ್ರ ಇದ್ದಲ್ಲೇ ಇವೆ. ಕೈ ತೊಳೆದು ನೋಡಿದ್ಲು, ಕೈಯೂ ಜರುಗ್ತು. ಮತ್ತೆ ಬೂದಿ ಬಳ್ಕೊಂಡ್ಲು, ನೆಟ್ಟಗಾಯ್ತು.

ಮಧ್ಯಾಹ್ನ ವಕ್ರಭಾನು ಕೋಣೆಗೆ ಬೆಳಗಿದ ತಂಬಿಗೆ ಇಡೋಕೆ ಹೋದಾಗ ಅವನು ಹಲಗೆ ಮೇಲೆ ಬಗ್ಗಿ ಗೊಣಗ್ತಿದ್ದಿದ್ದು ಕಿವಿಗೆ ಬಿತ್ತು. ಸುಣ್ಣ ಬಲಕ್ಕೆ, ಮಸಿ ಎಡಕ್ಕೆ. ಅಷ್ಟೇ ಸಾಕಾಯ್ತು ಅವಳಿಗೆ. ಬೂದಿ ಅಂದ್ರೇನು? ಅರ್ಧ ಬಿಳುಪು, ಅರ್ಧ ಕಪ್ಪು. ಬಲಕ್ಕೆ ಎಷ್ಟು ಎಳೆಯುತ್ತೋ ಎಡಕ್ಕೂ ಅಷ್ಟೇ ಎಳೆಯುತ್ತೆ. ಎಲ್ಲಿಗೂ ಹೋಗಲ್ಲ.

ನೆಟ್ಟಗೆ ದರ್ಬಾರಿಗೆ ಹೋಗಿ, ಬುದ್ದಿ, ನನ್ನ ತಮ್ಮ ಕಳ್ಳ ಅಲ್ಲ, ನಿಮ್ಮ ಕಣ್ಣೇ ಕದ್ದು ಹೋಗಿದೆ ಅಂದ್ಲು. ರಾಜ ಅವಳನ್ನ ಮೇಲಿಂದ ಕೆಳಕ್ಕೆ ನೋಡಿ, ಕದ್ದ ಮಾಲಲ್ಲಿ ಇವಳಿಗೂ ಪಾಲಿರಬೇಕು ಅಂದ. ರಾಣಿ ಸೀನಿ, ಹೌದು ಅಂದ್ಲು. ವಕ್ರಭಾನು ನಕ್ಕು, ಪಾಪ, ಮೂರು ಪರೀಕ್ಷೆ ಕೊಡೋಣ, ಒಂದ್ರಲ್ಲಿ ತಪ್ಪಿದ್ರೂ ಅಕ್ಕ ತಮ್ಮ ಇಬ್ಬರನ್ನೂ ಹುಲಿಗೆ ಹಾಕಿ, ಮೂರೂ ಗೆದ್ದರೆ ಬಿಟ್ಟುಬಿಡಿ ಅಂದ.

ಮೊದಲನೇ ಪರೀಕ್ಷೆ. ಅರಮನೆ ಕೊಳದಲ್ಲಿ ಒಂದು ಚಿನ್ನದ ಬಟ್ಟಲು. ಒಂದೇ ಸಲ ಕೈ ಅದ್ದಿ ತೆಗೀಬೇಕು. ನೀರೇ ಬೆಳಕನ್ನ ಬಗ್ಗಿಸುತ್ತೆ, ಅದರ ಮೇಲೆ ಇವನ ಮಾಯೆ ಬೇರೆ. ಬಟ್ಟಲು ಒಂದು ಸಲ ಈ ಮೆಟ್ಟಿಲ ಹತ್ರ, ಒಂದು ಸಲ ಆ ಮೆಟ್ಟಿಲ ಹತ್ರ. ದ್ಯಾವಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಬೂದಿ ನೀರಿಗೆ ಉದುರಿಸಿ, ಕಾದು ನಿಂತ್ಲು. ಬೂದಿ ಮೆಲ್ಲಗೆ ಇಳೀತು. ಬಟ್ಟಲ ಮೇಲೆ ಕೂತ್ಕೊಂತು. ಸುಣ್ಣ ಬಲಕ್ಕೆ, ಮಸಿ ಎಡಕ್ಕೆ, ಬೂದಿ ಇದ್ದಲ್ಲೇ. ಬೂದು ಬಣ್ಣದ ಬಟ್ಟಲು ಕಂಡ ಕಡೆ ಕೈ ಹಾಕಿದ್ಲು, ಎತ್ತಿದ್ಲು. ಜನ ಚಪ್ಪಾಳೆ ಹೊಡೀಲಿಲ್ಲ. ಬಟ್ಟಲಿಗೆ ದಾರ ಕಟ್ಟಿರಬೇಕು ಅಂತ ಪಿಸುಗುಟ್ಟಿದ್ರು.

ಎರಡನೇ ಪರೀಕ್ಷೆ. ಗಾಜುಹುಲಿ ಕೊರಳಿಗೆ ಗಂಟೆ ಕಟ್ಟಬೇಕು. ಆ ಹುಲಿ ಮೈ ಪೂರಾ ಗಾಜು. ಹುಲಿ ಕಾಣಲ್ಲ, ಹುಲಿ ಹಿಂದಿನ ಗೋಡೆ ಅಲೆ ಅಲೆಯಾಗಿ ಕಾಣುತ್ತೆ, ಅಷ್ಟೇ. ಅದು ಹನ್ನೆರಡು ಆಳು ಉದ್ದ ಇತ್ತು. ಬೇಡ, ಹದಿನಾಲ್ಕು. ದ್ಯಾವಮ್ಮ ಬೋನಿನೊಳಗೆ ಹೋಗಿ ಮೊರದ ತುಂಬ ಬೂದಿ ತೂರಿದ್ಲು. ಸುಣ್ಣ ಬಲಕ್ಕೆ, ಮಸಿ ಎಡಕ್ಕೆ, ಬೂದಿ ಇದ್ದಲ್ಲೇ. ಬಾಲ ಕಾಣ್ತು, ಬೆನ್ನು ಕಾಣ್ತು, ಮೂತಿ ಅವಳ ಮೊಣಕೈ ಪಕ್ಕದಲ್ಲೇ ಕಾಣ್ತು. ಹುಲಿ ಮೂರು ಸಲ ಸೀನಿತು. ಹುಟ್ಟಿದ ಮೇಲೆ ಮೊದಲನೇ ಸಲ ತನ್ನ ಪಂಜ ತಾನೇ ನೋಡ್ಕೊಂಡು ನಾಚ್ಕೊಂಡು ಮುದುರಿ ಕೂತ್ಕೊಂತು. ಅವಳು ಗಂಟೆ ಕಟ್ಟಿ, ಕಿವಿ ಹಿಂದೆ ಕೆರೆದು ಬಂದ್ಲು.

ವಕ್ರಭಾನುಗೆ ಈಗ ಅನುಮಾನ ಬಂತು. ಊರಿಗೆಲ್ಲ ಅನುಮಾನ ಹಂಚಿದೋನಿಗೆ ಕೊನೇಗೆ ಅದೇ ಬಂತು. ಅರಮನೆ ಒಲೆಗಳಲ್ಲಿ ಒಂದು ಚಿಟಿಕೆ ಬೂದಿ ಇರಬಾರ್ದು ಅಂದ. ಗುಡಿಸಿ ಹೊಳೆಗೆ ಹಾಕಿಸ್ದ. ದ್ಯಾವಮ್ಮನ್ನ ಏಳು ನೀರಲ್ಲಿ ಮೀಯಿಸಿ, ಉಗುರು ಸಂದಿನೂ ತೊಳೆಸಿ, ಹೊಸ ಸೀರೆ ಉಡಿಸಿ ಕರ್ಕೊಂಡು ಬನ್ನಿ ಅಂದ.

ಮೂರನೇ ಪರೀಕ್ಷೆಗೆ ಇಡೀ ರಾಜ್ಯವೇ ಬಯಲಲ್ಲಿ ಸೇರ್ತು. ನಾನೂ ಇದ್ದೆ, ಮುಂದಿನ ಸಾಲಲ್ಲೇ. ವಕ್ರಭಾನು ಶಾಲಿನೊಳಗೆ ಕೈ ಆಡಿಸಿದ್ದೇ ತಡ, ನನ್ನ ಮೀಸೆ ಎಡಕ್ಕೆ ಜರುಗಿ ಮಂತ್ರಿ ತುಟಿ ಮೇಲೆ ಕಾಣ್ತು. ಮಂತ್ರಿ ಗಡ್ಡ ದಳವಾಯಿಗೆ ಹೋಯ್ತು. ನೋಡ್ತಾ ನೋಡ್ತಾ ಬಯಲಲ್ಲಿ ನೂರು ಜನ ಕೆಂಪಯ್ಯ ನಿಂತಿದ್ರು. ಅದೇ ಪೇಟ, ಅದೇ ಕೈಕೋಳ. ಒಬ್ಬನ ಮುಖ ನೂರು ಜನರ ಮೇಲೆ ಜರುಗಿಸಿದ್ದ. ಮಾಂತ್ರಿಕನೂ ಕಾಣಲಿಲ್ಲ, ಅವನೂ ಅದರಲ್ಲೇ ಒಬ್ಬ ಕೆಂಪಯ್ಯ ಆಗಿ ನಿಂತಿದ್ದ. ಇವರಲ್ಲಿ ನಿನ್ನ ತಮ್ಮನ ಕೈ ಹಿಡಿ, ಒಂದೇ ಅವಕಾಶ ಅಂತ ದನಿ ಮಾತ್ರ ಬಂತು.

ದ್ಯಾವಮ್ಮನ ಹತ್ರ ಬೂದಿ ಇಲ್ಲ. ನೂರು ತಮ್ಮಂದಿರು ಒಟ್ಟಿಗೆ ಅಕ್ಕ ಅಂತ ಬಾಯಿ ಆಡಿಸ್ತಿದಾರೆ. ಮೊದಲನೇ ಸಾಲು ನೋಡಿದ್ಲು, ಬರೀ ಕೆಂಪಯ್ಯ. ಎರಡನೇ ಸಾಲು ನೋಡಿದ್ಲು, ಬರೀ ಕೆಂಪಯ್ಯ. ಮೂರನೇ ಸಾಲಲ್ಲಿ ಒಂದು ಕಡೆ ನಿಂತುಬಿಟ್ಲು.

ಅಲ್ಲೊಬ್ಬ ಕೆಂಪಯ್ಯನ ಪಕ್ಕದಲ್ಲಿ, ಒಂದು ಮೊಳ ದೂರ, ಗಾಳೀಲಿ ಮೂರು ಪಟ್ಟೆ ತೇಲ್ತಿದ್ವು. ಬೂದು ಬಣ್ಣದ ಮೂರು ಪಟ್ಟೆ. ಮುಖ ಜರುಗಿತ್ತು, ಪಟ್ಟೆ ಜರುಗಿರಲಿಲ್ಲ.

ಏನಂತ ಗೊತ್ತಾಯ್ತಾ? ಒಲೆ ಬೂದಿ ಎಲ್ಲ ಗುಡಿಸಿದ ಮಹಾಶಯ, ದಿನಾ ಬೆಳಿಗ್ಗೆ ಜನಕ್ಕೆ ತೋರಿಸೋಕೆ ಬಳ್ಕೊಳ್ಳೋ ತನ್ನ ಹಣೆ ವಿಭೂತಿ ಮರೆತಿದ್ದ. ಅದೂ ಬೂದಿನೇ ಅಂತ ಅವನಿಗೆ ಹೊಳೆದೇ ಇರಲಿಲ್ಲ.

ದ್ಯಾವಮ್ಮ ಕಣ್ಣಿಗೆ ಕಂಡ ಮುಖ ಬಿಟ್ಟು, ಆ ಪಟ್ಟೆಗಳ ಕೆಳಗೆ ಖಾಲಿ ಗಾಳಿಗೆ ಕೈ ಹಾಕಿದ್ಲು. ಗಡ್ಡ ಸಿಕ್ತು.

"ಬುದ್ದಿ, ಇವನು ನನ್ನ ತಮ್ಮ ಅಲ್ಲ," ಅಂದ್ಲು. "ನಮ್ಮ ತಮ್ಮಂಗೆ ಇನ್ನೂ ಗಡ್ಡ ಬಂದಿಲ್ಲ. ಇವನು ನಿಮ್ಮ ಕಣ್ಣು."

ಎಳೆದ ಎಳೆತಕ್ಕೆ ಶಾಲು ಬಿಚ್ಚಿ ಹಲಗೆ ಕೆಳಗೆ ಬಿತ್ತು. ವಕ್ರಭಾನು ಅದರ ಮೇಲೆ ಬೀಳೋಕೆ ಹೋದ. ಗಂಟೆ ಸದ್ದಾಯ್ತು. ಸೋತೋರ್ನ ತಿನ್ನಲಿ ಅಂತ ಬಯಲಿಗೆ ತಂದಿದ್ದ ಗಾಜುಹುಲಿ ಬಂದು ಅವನ ಬೆನ್ನ ಮೇಲೆ ಪಂಜ ಇಟ್ಕೊಂಡು ಕೂತ್ಕೊಂತು. ದ್ಯಾವಮ್ಮ ಹಲಗೆನ ಮಡಿಲಲ್ಲಿ ಇಟ್ಕೊಂಡ್ಲು. ಸೊಂಟದಲ್ಲಿ ತೆಂಗಿನ ನಾರು ಸಿಕ್ಕಿಸ್ಕೊಂಡಿದ್ಲು, ಪಾತ್ರೆ ಬೆಳಗೋರ ಅಭ್ಯಾಸ, ಏಳು ನೀರು ಮೀಯಿಸಿದೋರು ಅದನ್ನ ತೊಳೆದು ವಾಪಸ್ ಕೊಟ್ಟಿದ್ರು. ಅವನ ಹಣೆ ವಿಭೂತಿನೇ ಬೆರಳಲ್ಲಿ ಒರೆಸ್ಕೊಂಡು, ನಾರಿಗೆ ಹಚ್ಚಿ, ತಿಕ್ಕಿದ್ಲು ನೋಡು, ಸುಟ್ಟ ಪಾಯಸದ ತಳ ತಿಕ್ಕಿದಂಗೆ. ಸುಣ್ಣ ಹೋಯ್ತು. ಮಸಿ ಹೋಯ್ತು. ಗಾಜು ಟಪ್ ಅಂತ ಒಡೀತು. ಅಡಿಯಲ್ಲಿದ್ದ ಮೂಲಚಿತ್ರಕ್ಕೆ ಒಂದು ಗೀರೂ ಬೀಳಲಿಲ್ಲ.

ಆಮೇಲೆ ಎಲ್ಲ ಒಂದೊಂದಾಗಿ ತಮ್ಮ ಜಾಗಕ್ಕೆ ಬಂದವು. ತೊಂಬತ್ತೊಂಬತ್ತು ಜನ ಅವರವರೇ ಆದ್ರು. ಕೊನೇ ಸಾಲಿನ ಕೊನೇಲಿ ನಿಜವಾದ ಕೆಂಪಯ್ಯ ಉಳ್ಕೊಂಡ. ಅವನ ಪೇಟದಿಂದ ಮೂಗುತಿ ಹೊಳಪು ಹಾರಿ ಹೋಗಿ ರಾಣಿ ಮೂಗಲ್ಲಿ ನಿಂತ್ಕೊಂತು. ಅದು ಕಳುವೇ ಆಗಿರಲಿಲ್ಲ ಕಣೆ, ಮೂರು ದಿನದಿಂದ ಅವಳ ಮೂಗಲ್ಲೇ ಇತ್ತು. ಮುಟ್ಟಿ ನೋಡ್ಕೊಂಡಿದ್ರೆ ಕತೆನೇ ಇರ್ತಿರಲಿಲ್ಲ. ರಾಜ ತಾನೇ ಎದ್ದು ಹೋಗಿ ಕೆಂಪಯ್ಯನ ಕೋಳ ಬಿಚ್ಚಿದ. ಅಕ್ಕ ತಮ್ಮ ಒಬ್ಬರ ಕೆನ್ನೆ ಒಬ್ಬರು ಮುಟ್ಟಿ ಮುಟ್ಟಿ ನೋಡ್ಕೊಂಡ್ರು.

ವಕ್ರಭಾನುನ್ನ ಪಾತ್ರೆ ತಿಕ್ಕೋಕೆ ಹಾಕಿದ್ರು, ಈಗ್ಲೂ ತಿಕ್ತಿದಾನೆ. ದ್ಯಾವಮ್ಮ ಅರಮನೆ ಕಣ್ಣಾದ್ಲು. ಗಾಜುಹುಲಿ ಅಡುಗೆಮನೆ ಬಾಗಿಲಲ್ಲಿ ಮಲಗಿ ಹಾಲು ಕುಡ್ಕೊಂಡು ದಪ್ಪ ಆಯ್ತು. ಜನ ಸೊಂಟದ ಹಗ್ಗ ಬಿಚ್ಚಿ ಹಾಕಿ, ಅದೇ ಹಗ್ಗದಲ್ಲಿ ಉಯ್ಯಾಲೆ ಕಟ್ಟಿ, ಒಬ್ಬರ ಎಲೆ ಹಪ್ಪಳ ಒಬ್ಬರು ಕೇಳಿ ಇಸ್ಕೊಂಡು ತಿಂದು ಸುಖವಾಗಿದ್ರು. ಜರುಗಿದ್ದ ಒಂದು ಕೂದಲೂ ಕೂಡ ತಪ್ಪದೆ ಅವರವರ ಮುಖಕ್ಕೆ ವಾಪಸ್ ಬಂತು. ಮಂತ್ರಿ ಗಡ್ಡ ಮಂತ್ರಿಗೆ, ನನ್ನ ಮೀಸೆ ನಂಗೆ. ಎಲ್ಲ ನಿಜ, ಆ ಮೀಸೆ ಆಣೆಗೂ.

ರೋಹಿಣಿ ಕೈ ನಿಲ್ಲಿಸಿ, ಕುರ್ಚಿ ತಿರುಗಿಸಿ, ತೋರುಬೆರಳಿಂದ ನನ್ನ ಮೂಗಿನ ಕೆಳಗೆ ಈ ಕಡೆಯಿಂದ ಆ ಕಡೆವರೆಗೂ ಸವರಿ ನೋಡಿದ್ಲು.

"ತಾತ, ಮುಟ್ಟಿ ನೋಡಿದೆ," ಅಂದ್ಲು. "ಬರೀ ಬೋಳು."