ಹರಕೆಯ ಹುಂಜ

"ರೀ! ಈ ಹುಂಜಾನ ಮಾರ್ತೀರೋ, ಇಲ್ಲಾ ನಾನ ಊರು ಬಿಟ್ಟು ಹೋಗ್ಲೋ?"

ಹಿತ್ತಲ ಗೋಡೆಯ ಮೇಲೆ ಒಂದು ತಲೆ ಎದ್ದಿತ್ತು. ಕೆದರಿದ ಕೂದಲು, ಕೆಂಪು ಕಣ್ಣು! ಜಯಶ್ರೀ ಕೈಯಲ್ಲಿದ್ದ ನುಚ್ಚಿನ ಬುಟ್ಟಿಯನ್ನು ಬೀಳಿಸಿಯೇ ಬಿಟ್ಟಳು. ಆರು ಕೋಳಿಗಳೂ, ಅವುಗಳ ಹುಂಜ ಕೆಂಚನೂ ಅದಕ್ಕೆ ಮುಗಿಬಿದ್ದವು.

ಅವನು ಮೈಲಾರಿ. ಅಕ್ಕಿಆಲೂರಿನ ಗಿರಣಿಯಲ್ಲಿ ರಾತ್ರಿ ಪಾಳಿ. ಪಕ್ಕದ ಮನೆಗೆ ಬಾಡಿಗೆಗೆ ಬಂದು ನಾಲ್ಕೇ ದಿನ. ಅವನು ಮಲಗುವುದು ಬೆಳಗ್ಗೆ ಏಳಕ್ಕೆ, ಕೆಂಚನಿಗೆ ಕೂಗುವ ಹುರುಪು ಬರುವುದು ಎಂಟಕ್ಕೆ!

"ತತ್ತಿ ಇಡಾಕ ಹುಂಜ ಯಾಕ್ರಿ? ಹ್ಯಾಟಿಕೋಳಿ ತಾವ ಇಡ್ತಾವಲ್ಲ?"

"ಇಡ್ತಾವ್ರಿ. ಹುಂಜ ಇಲ್ದ ಮರಿ ಎಲ್ಲಿಂದ ಬರ್ತಾವು? ನಿಮ್ಮ ಗಿರಣ್ಯಾಗಿಂದೇನು?"

ಮೈಲಾರಿ ನಕ್ಕುಬಿಟ್ಟ. ನಕ್ಕರೆ ಆ ಕೆಂಪು ಕಣ್ಣೂ ಚೆಂದ ಎಂದು ಜಯಶ್ರೀಗೆ ಅನಿಸಿತು. ಅನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಅಂದಿನಿಂದ ದಿನವೂ ಜಗಳ. ಬರುಬರುತ್ತಾ ಜಗಳಕ್ಕೆ ಬರುವವನ ಕೈಯಲ್ಲಿ ಒಂದು ಹಿಡಿ ನುಚ್ಚು ಇರತೊಡಗಿತು. "ಇದರ ಬಾಯಿ ಮುಚ್ಚಸಾಕ್ರಿ" ಅನ್ನುತ್ತಿದ್ದ. ರಜೆಯೆಂದು ಅವನು ತನ್ನ ಊರು ಮಾಸೂರಿಗೆ ಹೋದ ದಿನ ಅವಳಿಗೆ ಹಿತ್ತಲಿಗೆ ಹೋಗುವುದೇ ಬೇಡವಾಯಿತು. ಆದರೆ ಮೊದಲು ಬಾಯಿಬಿಡುವವರು ಯಾರು?

ಬಾಯಿಬಿಟ್ಟವಳು ಅವಳ ಅವ್ವ ಅಡಿವೆವ್ವ!

"ಜಯಾ, ಶಿಗ್ಗಾಂವಿನ ವರ ಒಪ್ಪ್ಯಾನಂತ! ನಿನ್ನ ಲಗ್ನ ಕೂಡಿ ಬಂದ್ರ ಕೆಂಚನ್ನ ಕೊಡ್ತೇನಿ ಅಂತ ದ್ಯಾಮವ್ವಗ ಹರಕಿ ಹೊತ್ತೇನಿ. ಮಂಗಳವಾರ ಹರಕಿ ತೀರಿಸಿದ ಮ್ಯಾಲೆ ನಿಶ್ಚಯದ ವೀಳ್ಯ."

"ಬ್ಯಾರೆ ಹುಂಜ ಕೊಟ್ರ ಆಗಂಗಿಲ್ಲೇನವ್ವಾ?"

"ಹರಕಿ ಹುಂಜ ಬದಲಿ ಮಾಡ್ತಾರೇನ ಹುಚ್ಚಿ? ಅದನ್ನ ಒಪ್ಪಿಸಲಾರ್ದ ವೀಳ್ಯ ಹಿಡ್ಯಂಗಿಲ್ಲ."

ಜಯಶ್ರೀ ಹಿತ್ತಲಿಗೆ ಓಡಿ, ಕೆಂಚನನ್ನು ಅಪ್ಪಿಕೊಂಡು ಅತ್ತಳು. ಗೋಡೆಯಾಚೆ ಮೈಲಾರಿ ನಿಂತಿದ್ದ. ಎಲ್ಲವೂ ಅವನಿಗೆ ಕೇಳಿಸಿತ್ತು.

"ಚಲೋ ಆತ್ರಿ..." ಅಂದ. ಅಷ್ಟೇ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

'ಇಷ್ಟೇನಾ? ಇವನಿಗೆ ನಿದ್ದೆಯೊಂದೇ ಬೇಕಾಗಿತ್ತೇ?' ಎಂದುಕೊಂಡಳು ಜಯಶ್ರೀ.

ಮಂಗಳವಾರ ಬೆಳಗ್ಗೆ ನೋಡಿದರೆ ಕೆಂಚನಿಲ್ಲ! ಗೋಡೆಯ ಮೇಲೆ ಒಂದು ಕೆಂಪು ಪುಕ್ಕ.

ಜಯಶ್ರೀ ನೇರ ಅವನ ಬಾಗಿಲು ಬಡಿದಳು. "ಒಂದು ದಿನ ಕಾಯಾಕ ಆಗ್ಲಿಲ್ಲೇನ್ರಿ? ಯಾರಿಗೆ ಮಾರಿದ್ರಿ ನನ್ನ ಕೆಂಚನ್ನ?"

ಮೈಲಾರಿ ತಲೆ ತಗ್ಗಿಸಿ ನಿಂತ.

"ಕೊಕ್ಕೋ... ಕ್ಕೋ!"

ಕೂಗು ಬಂದದ್ದು ಅವನ ಹಿಂದಿನಿಂದ! ಅವನ ಹಾಸಿಗೆಯ ನಡುವೆ, ಅವನ ಹೊದಿಕೆಯನ್ನೇ ತುಳಿದುಕೊಂಡು ನಿಂತಿದ್ದ ಕೆಂಚ.

"ಹುಂಜ ಇಲ್ಲಂದ್ರ ಹರಕಿ ಇಲ್ಲ. ಹರಕಿ ಇಲ್ಲಂದ್ರ ವೀಳ್ಯ ಇಲ್ಲ..." ಮೈಲಾರಿ ಬೆರಳು ಮಡಚುತ್ತಾ ಹೇಳಿದ. "ಇಷ್ಟ ಹೊಳೀತ್ರಿ. ಮುಂದಿಂದು ಹೊಳೀಲಿಲ್ಲ."

"ಮತ್ತ ಅವತ್ತ ಚಲೋ ಆತು ಅಂದ್ರಿ?"

"ಮತ್ತೇನನ್ಲಿ? ನೀವು ಹುಂಜದ ಸಲುವಾಗಿ ಅಳಾಕತ್ತಿದ್ರಿ. ನನ್ನ ಸಲುವಾಗಿ ಅಂತ ಹೆಂಗ ತಿಳ್ಕೊಳ್ಳಲಿ?"

"ಇಬ್ಬರ ಸಲುವಾಗೂ ಅತ್ತೇನ್ರಿ!"

ಹೇಳಿಯಾಗಿತ್ತು. ಆಗಲೇ ಅವಳಿಗೆ ತನ್ನ ಹಿಂದೆ ನಿಂತಿದ್ದ ಅವ್ವ ಕಂಡದ್ದು!

ಅಡಿವೆವ್ವ ಮಗಳನ್ನು ನೋಡಿದಳು, ಹುಡುಗನನ್ನು ನೋಡಿದಳು.

"ಇದನ್ನ ಮೊದಲ ಹೇಳಾಕ ಏನಾಗಿತ್ತ? ಶಿಗ್ಗಾಂವಿನವ್ರಿಗೆ ನಾನ ಫೋನ್ ಮಾಡಿ ಕೈ ಮುಗೀತೇನಿ. ನೀ ನಿಮ್ಮವ್ವನ ನಂಬರ್ ಕೊಡಪಾ."

"ಮತ್ತ... ಕೆಂಚ?" ಜಯಶ್ರೀ ಕೆಂಚನನ್ನು ಎತ್ತಿ ಅವುಚಿಕೊಂಡಳು.

"ಲಗ್ನ ಕೂಡಿತಲ್ಲ, ಹರಕಿ ತೀರಿಸಬೇಕು." ಅಡಿವೆವ್ವ ಕೆಂಚನ ಬೆನ್ನು ಸವರಿದಳು. "ಕೊಡ್ಲಿಕ್ಕೆ ನನಗೂ ಮನಸಿಲ್ಲ. ದ್ಯಾಮವ್ವನ ಮುಂದ ಅರಿಷಿಣ ಹಚ್ಚಿ, ಆಕೀ ಹೆಸರ್ಲೆ ಜೀವಂತ ಬಿಡೂಣು. ನಮ್ಮ ಅತ್ತಿ ಹಂಗ ಬಿಡ್ತಿದ್ಲು. ಆಮ್ಯಾಲೆ ಅದನ್ನ ಯಾರೂ ಕೊಯ್ಯಂಗಿಲ್ಲ, ಮಾರಂಗಿಲ್ಲ. ಜೀವ ಇರೂತನಾ ನಮ್ಮ ಹಿತ್ತಲದಾಗ ಇರ್ತೈತಿ."

ಆಮೇಲೆ ಮೈಲಾರಿಯತ್ತ ತಿರುಗಿದಳು. "ದಿನಾ ಕೂಗ್ತೈತಿ ನೋಡಪಾ. ಜೀವಮಾನ ಪೂರ್ತಿ. ಒಪ್ಪಿಗಿ ಏನು?"

"ಒಪ್ಪಿಗಿರಿ!" ಅಂದ ಮೈಲಾರಿ, ಕೇಳಿ ಮುಗಿಯುವ ಮೊದಲೇ. ಮೂವರೂ ನಕ್ಕರು.

ಮರುದಿನ ಬೆಳಗ್ಗೆ, ಜುಟ್ಟಿಗೆಲ್ಲ ಅರಿಶಿನ ಮೆತ್ತಿಕೊಂಡ ಕೆಂಚ ಇನ್ನೂ ಬುಟ್ಟಿಯಡಿ ಮಲಗಿದ್ದ. ಗೋಡೆಯ ಮೇಲೆ ಆಗಲೇ ಆ ತಲೆ ಎದ್ದಿತ್ತು.

"ಮಲಗಲಿಲ್ಲೇನ್ರಿ?"

"ಇಲ್ರಿ. ಇದು ಯಾವಾಗ ಕೂಗ್ತೈತೋ ಅಂತ ಕಾಯಾಕತ್ತೇನಿ."

"ನೀವಾ? ಯಾಕ?"

"ಇದು ಕೂಗಿದ ಕೂಡ್ಲೆ ನೀವು ನುಚ್ಚು ತಗೊಂಡು ಬರ್ತೀರಲ್ಲ... ಅದಕ್ಕ."

ಜಯಶ್ರೀ ಖಾಲಿ ಕೈಗಳನ್ನು ಗೋಡೆಯ ಮೇಲಿಟ್ಟಳು, ಅವನ ಕೈಯ ಪಕ್ಕದಲ್ಲೇ.

"ಇವತ್ತ ಕೂಗೂಕಿಂತ ಮೊದಲ ಬಂದೇನಲ್ರಿ!"