ಅಡಿಗಲ್ಲಿನ ಹಸಿವು

“ಮೇಲ್ಗಲ್ಲನ್ನ ಏನಾದ್ರೂ ಮಾಡ್ಕೊ. ಅಡಿಗಲ್ಲು ಮಾತ್ರ ಎತ್ಬೇಡಪ್ಪ. ಅದರ ಕೆಳಗೆ ಹಸಿವನ್ನ ಕಟ್ಟಿಟ್ಟಿದ್ದಾರೆ.”

ಹಿಂದಿನ ಗಿರಣಿಯವನ ಸೊಸೆ, ಈಗ ಹಣ್ಣುಹಣ್ಣು ಮುದುಕಿ, ಹಳೆಯ ನೀರುಗಿರಣಿಯ ಹೊಸ್ತಿಲಾಚೆಯೇ ನಿಂತು ಬಡಗಿಗೆ ಹೇಳಿದಳು. ಬರದ ಕಾಲದಲ್ಲಿ ಹಿಡಿ ಕಾಳು ತಂದ ತಾಯಿಯೊಬ್ಬಳನ್ನು ಅವಳ ಮಾವ, ಇಷ್ಟಕ್ಕೆಲ್ಲ ಕಲ್ಲು ತಿರುಗಲ್ಲ ಹೋಗು ಎಂದು ಅಟ್ಟಿದ್ದನಂತೆ. ಕಂಕುಳ ಕೂಸು ಕಾಲುವೆಯ ದಂಡೆಯಲ್ಲೇ ಕಣ್ಣು ಮುಚ್ಚಿತು. ‘ತಿಂದಷ್ಟೂ ಹಸಿಯಲಿ ನಿನಗೆ’ ಎಂದು ತಾಯಿ ಹಿಡಿಮಣ್ಣು ತೂರಿದಳು. ಮಾವ ಹಿಟ್ಟು ಮುಕ್ಕುತ್ತ ಮುಕ್ಕುತ್ತಲೇ ಸತ್ತ. ಮಂತ್ರವಾದಿಯೊಬ್ಬ ಆ ಹಸಿವನ್ನು ಸತ್ತ ಕೂಸಿನ ಕೂದಲಲ್ಲಿ ಗಂಟುಹಾಕಿ ಅಡಿಗಲ್ಲಿನ ಕೆಳಗೆ ಹೂತ. ಅಂದಿನಿಂದ ಗಿರಣಿ ನಿಂತಿತ್ತು.

ಬಡಗಿ ನಕ್ಕ. “ಅಷ್ಟು ವರ್ಷ ಉಪವಾಸ ಇದ್ದ ಹಸಿವು ಇನ್ನೂ ಬದುಕಿರುತ್ತಾ ಅಜ್ಜಿ?”

ಅವನು ಊರಿಗೆ ಹೊಸಬ. ಗಿರಣಿಯನ್ನು ಮತ್ತೆ ತಿರುಗಿಸುತ್ತೇನೆಂದು ಪಣತೊಟ್ಟು, ಹೆಂಡತಿ ಮಗಳೊಂದಿಗೆ ಅದರ ಅಟ್ಟದಲ್ಲೇ ಸಂಸಾರ ಹೂಡಿದ್ದ. ಸೊಂಟಮಟ್ಟ ಕೆಸರಲ್ಲಿ ನಿಂತು ಕಾಲುವೆಯ ಹೂಳು ತೆಗೆದ. ಕೊಳೆತ ಚಕ್ರಕ್ಕೆ ಹೊಸ ಹಲಗೆ ಜೋಡಿಸಿದ. ವಾಲಿದ್ದ ಅಡಿಗಲ್ಲನ್ನು ಮಾತ್ರ ಎತ್ತದೆ ಮಟ್ಟ ಮಾಡುವಂತಿರಲಿಲ್ಲ. ಹಾರೆ ಹಾಕಿ ಮೀಟಿದ. ಕೆಳಗೆ ಒದ್ದೆ ಮಣ್ಣಲ್ಲಿ ಎಳೆಗೂದಲಿನ ಗಂಟು ಇತ್ತು. ಎತ್ತಿ ಒಲೆಗೆ ಎಸೆದ. ಸುಟ್ಟ ಕೂದಲಿನ ಕಮಟಿನ ಹಿಂದೆಯೇ ಹುಳಿತ ಹಾಲಿನ ವಾಸನೆ ಅಟ್ಟವನ್ನೆಲ್ಲ ತುಂಬಿತು.

“ಏನ್ರೀ ಅದು ನಾತ?” ಎಂದಳು ಹೆಂಡತಿ.

“ಅಜ್ಜಿ ಕತೆ ಬೇಯ್ತಿದೆ ಕಣೇ.”

ಕಾಲುವೆಯ ತೂಬು ತೆರೆದಾಗ ಚಕ್ರ ನರಳುತ್ತ ತಿರುಗಿತು. ಕಲ್ಲುಗಳು ಗುಡುಗಿದವು. ಮೊದಲ ಹಿಟ್ಟಿಗೆ ಮಗಳು ಬೆರಳದ್ದಿ ನೆಕ್ಕಿದಳು. “ಅಪ್ಪಾ, ಬಿಸಿ ಬಿಸಿ! ಇನ್ನೊಂಚೂರು!”

ಅಂದು ಮಗಳು ಪಾತ್ರೆಯ ತಳ ಕೆರೆದು ಉಂಡಳು. ಬೆಳೆಯೋ ಮಕ್ಕಳು ಎಂದು ಬಡಗಿ ಹಿಗ್ಗಿದ. ಮರುದಿನ ಹಸಿ ಕಾಳು ತಿಂದಳು. ಆಮೇಲೆ ಮರದ ಹೊಟ್ಟು, ಗೋಡೆಯ ಸುಣ್ಣ. ತಿಂದಷ್ಟೂ ಹೊಟ್ಟೆ ಬೆನ್ನಿಗೆ ಹತ್ತುತ್ತಿತ್ತು. ವೈದ್ಯರು ಕೈಚೆಲ್ಲಿದರು. “ಅಮ್ಮಾ, ಹಸಿವು” ಎನ್ನುವ ದನಿ ದಿನದಿನಕ್ಕೂ ಸಣ್ಣದಾಗುತ್ತ ಹೋಯಿತು. ಕೊನೆಗೊಂದು ಮಧ್ಯಾಹ್ನ ತಲೆ ಬಾಚುತ್ತಿದ್ದ ತಾಯಿಯ ಮುಂಗೈಯನ್ನೇ ಮಗಳು ಕಚ್ಚಿ ಹಿಡಿದಳು. ಬಿಡಿಸಲು ಬಡಗಿ ಮಗಳ ದವಡೆಗೆ ಚಮಚ ತೂರಿಸಬೇಕಾಯಿತು.

ಅವನು ಓಡಿಹೋಗಿ ಮುದುಕಿಯ ಕಾಲು ಹಿಡಿದ. “ಅಜ್ಜೀ, ಗಂಟು ಸುಟ್ಟುಬಿಟ್ಟೆ. ಏನಾದ್ರೂ ದಾರಿ ಹೇಳಿ.”

ಮುದುಕಿ ಕಾಲು ಹಿಂದಕ್ಕೆಳೆದುಕೊಂಡಳು. “ಅದರ ಮನೇನೇ ಸುಟ್ಟೆಯಲ್ಲೋ! ನಿನ್ನ ಮಗಳನ್ನ ಬಿಡಬೇಕಾದ್ರೆ ಈಗ ಅದಕ್ಕೆ ಬೇರೊಂದು ಹೊಟ್ಟೆ ಬೇಕು. ಆ ಕಲ್ಲಿನ ಹಿಟ್ಟು ತಿಂದು, ನನ್ನೊಳಗೆ ಬಾ ಅಂತ ಯಾರಾದ್ರೂ ತಾವಾಗೇ ಕರೀಬೇಕು. ಕರೆದೋರನ್ನ ಮತ್ತೆ ಅದು ಬಿಡಲ್ಲ.”

ಬಡಗಿ ಎದ್ದು ಓಡಿದ. ಗಿರಣಿಯ ನೆಲಮನೆಯಲ್ಲಿ ಹಗಲಿಗೂ ಕತ್ತಲು. ತೂಬು ಮುಚ್ಚಿತ್ತು. ಆದರೂ ಕಲ್ಲು ತಿರುಗುತ್ತಿತ್ತು. ಹುಳಿಹಾಲಿನ ನಾತ. ಮೇಲೆ ಮಗಳು ಹಲಗೆ ಕೆರೆಯುವ ಸದ್ದು. ಅವನು ಹಿಟ್ಟು ಬಾಚಿದ. ಬಾಯಿಗೆ ತುರುಕಿದ. ಉಸಿರು ಕಟ್ಟಿತು. ನುಂಗಿದ. “ಬಾ,” ಎಂದ. “ನನ್ನ ಕೂಸನ್ನ ಬಿಡು. ನನ್ನೊಳಗೆ ಬಾ.”

ಕಲ್ಲು ನಿಂತಿತು. ಮೇಲೆ ಕೆರೆಯುವ ಸದ್ದೂ ನಿಂತಿತು. ಆಮೇಲೆ ಮಗಳ ಅಳು ಕೇಳಿಸಿತು, ಎಲ್ಲ ಮಕ್ಕಳೂ ಅಳುವಂಥ ಗಟ್ಟಿ ಅಳು. ಬಡಗಿ ಹಿಟ್ಟಿನ ರಾಶಿಯ ಮೇಲೆ ಕುಸಿದು, ನಗುತ್ತ ಅತ್ತ. ಎದ್ದು ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿಕೊಂಡ.

ಸಂಜೆಯ ಹೊತ್ತಿಗೆ ಅವನು ಮೂಟೆಯ ಕಾಳನ್ನೆಲ್ಲ ಮುಗಿಸಿ ಗೋಣಿಯ ನಾರು ಅಗಿಯುತ್ತಿದ್ದ. ಬಾಗಿಲಾಚೆ ಪುಟ್ಟ ಹೆಜ್ಜೆಯ ಸದ್ದಾಯಿತು.

“ಅಪ್ಪಾ, ಬಾಗಿಲು ತೆಗಿ. ಅಮ್ಮ ಬಿಸಿ ಊಟ ಕಳಿಸಿದ್ದಾಳೆ. ನಂಗೆ ಹೊಟ್ಟೆ ತುಂಬ್ತು ಅಪ್ಪಾ.”

ಬಡಗಿ ಬಾಗಿಲ ಸಂದಿಗೆ ಮೂಗಿಟ್ಟ. ಊಟದ ವಾಸನೆ ಅವನಿಗೆ ಬರಲೇ ಇಲ್ಲ. ಬಂದದ್ದು ಮಗಳ ವಾಸನೆ. ಅವನ ಬಾಯಲ್ಲಿ ನೀರೂರಿತು.

“ಓಡು ಪುಟ್ಟೀ,” ಎಂದ. ಕೈ ಆಗಲೇ ಅಗಳಿಯ ಮೇಲಿತ್ತು.