ದಹಿಸರಿನಿಂದ ಬಂದ ನಾಲ್ಕನೇ ರಿಪೋರ್ಟು

"ಅಕ್ಕ, ನಾನು ಕಳಿಸಿದ ಪ್ರತಿ ರಿಪೋರ್ಟಿಗೂ 'ಸಿಕ್ಕಿತು' ಅಂತ ಒತ್ತಿ ಮಾರಾಯ್ರೆ. ಇಲ್ಲದಿದ್ರೆ ಮೆಷಿನ್ ಕಳಿಸ್ತಾನೇ ಇರ್ತದೆ, ನಿಮ್ಮ ಯಜಮಾನರ ಫೋನಿನ ಹಾಗೆ!" ಎಂದು ದಹಿಸರಿನ ಲ್ಯಾಬಿನ ತಿಲಕ್ ನಗುತ್ತಿದ್ದ. ಒತ್ತುತ್ತೇನೆಂದು ಎಂಟು ವರ್ಷದ ಹಿಂದೆ ಮಾತು ಕೊಟ್ಟಿದ್ದೆ. ಮುಂಬಯಿಯ ಚೆಂಬೂರಿನ ಆಸ್ಪತ್ರೆಯೊಂದರಲ್ಲಿ, ಕಂಪ್ಯೂಟರಿಗೆ ಬರುವ ರಿಪೋರ್ಟುಗಳನ್ನು ಯಾವ ಲ್ಯಾಬು ಯಾರಿಗೆ ಕಳಿಸಿದೆಯೆಂದು ನಂಬರು ತಾಳೆ ನೋಡುವುದು ನನ್ನ ಕೆಲಸ.

ಕಳೆದ ತಿಂಗಳು ರೋಗಿಯೊಬ್ಬ ಸತ್ತ ಸಿಟ್ಟಿಗೆ ನಾಲ್ವರು ಲ್ಯಾಬಿಗೆ ನುಗ್ಗಿ, ಕಬ್ಬಿಣದ ಸ್ಟೂಲಿನಿಂದ ತಿಲಕನ ತಲೆ ಜಜ್ಜಿ ಕೊಂದರು. ಲ್ಯಾಬು ಮುಚ್ಚಿತು. ಅದರ ನಂಬರನ್ನು ನಮ್ಮ ಕಂಪ್ಯೂಟರಿನಿಂದ ನಾನೇ ಅಳಿಸಿದೆ.

ಸೋಮವಾರ ಮಧ್ಯಾಹ್ನ ಅದೇ ನಂಬರಿನಿಂದ ರಿಪೋರ್ಟು ಬಂತು. ಪಡೆಯುವವರ ಜಾಗದಲ್ಲಿ ಆಸ್ಪತ್ರೆಯ ನಂಬರಿರಲಿಲ್ಲ, ನನ್ನ ಹೆಸರಿತ್ತು. ನನಗೆ ಗೊತ್ತಿಲ್ಲದ ಹೆಸರಿನವನೊಬ್ಬನ ತಲೆಬುರುಡೆ ಒಡೆದಿದೆ ಎಂದಿತ್ತು. ಅಭ್ಯಾಸಬಲದಿಂದ 'ಸಿಕ್ಕಿತು' ಒತ್ತಿದೆ. ಕೀಬೋರ್ಡಿನ ಕೀಲಿ ಬೆಚ್ಚಗೆ, ಅಂಟಂಟಾಗಿತ್ತು. ಗಂಟೆಯೊಳಗೆ ರಿಪೋರ್ಟಿನಲ್ಲಿದ್ದ ಅದೇ ಹೆಸರಿನವನನ್ನು ತಲೆ ಜಜ್ಜಿಹೋದ ಸ್ಥಿತಿಯಲ್ಲಿ ನಮ್ಮ ಆಸ್ಪತ್ರೆಗೆ ತಂದರು. ಮಂಗಳವಾರ ಇನ್ನೊಬ್ಬ. ಇಬ್ಬರೂ ತಿಲಕನನ್ನು ಕೊಂದವರೆಂದು ಪೊಲೀಸರು ಹೇಳಿದರು. ಬುಧವಾರ ಬಂದ ಮೂರನೆಯದಕ್ಕೆ ನಾನು ಬೇಕೆಂದೇ ಒತ್ತಿದೆ.

ಇಂದು ನಾಲ್ಕನೆಯದು ಬಂತು. ನಿಶಿತ್, ಹತ್ತೊಂಬತ್ತು ವರ್ಷ, ನಮ್ಮ ಮನೆಯ ವಿಳಾಸ. ಮಗನಿಗೆ ಫೋನ್ ಮಾಡಿ ಕೇಳಿದೆ.

"ನಾನು ಹೊಡೀಲಿಲ್ಲಮ್ಮ," ಎಂದು ಅತ್ತ. "ಬಾಗಿಲು ಹಿಡ್ಕೊಂಡಿದ್ದೆ, ಅಷ್ಟೇ."

ಹತ್ತು ನಿಮಿಷಕ್ಕೊಮ್ಮೆ ಅದು ಬರುತ್ತಲೇ ಇದೆ. ತಿಲಕನಿಗೆ ಕೊಟ್ಟ ಮಾತನ್ನು ನಾನು ಮುರಿದಿದ್ದೇನೆ.